ಸುಣ್ಣಕ್ಕೆ ಅವಸರ ಆಗಿಬರುವುದಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ನೀರಿನ ಸಂಸ್ಕರಣೆಗೆ ಬಳಸುವ ಸುಣ್ಣದ ಬಗ್ಗೆ ಏನಾದರೂ ಪ್ರಶ್ನೆ ಇದ್ದರೆ ಬರೆಯಿರಿ ಎಂದು ಕೇಳಿದ್ದೆವು. ಪತ್ರಗಳು ಚೆನ್ನಾಗಿಯೇ ಬಂದಿವೆ. ಹೆಚ್ಚಿನವು ಫ್ಯಾಕ್ಟರಿಗಳಲ್ಲಿ ದಿನವೂ ಈ ಬಿಳಿ ಪುಡಿಯ ಜೊತೆ ಒದ್ದಾಡುವವರದ್ದು, ಕೆಲವು ವಿದ್ಯಾರ್ಥಿಗಳದ್ದು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ, ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನಮ್ಮಲ್ಲಿ ಒಬ್ಬರು ಸುಟ್ಟ ಸುಣ್ಣ ತರಿಸಿ ಅಂತಾರೆ, ಇನ್ನೊಬ್ಬರು ಹೈಡ್ರೇಟೆಡ್ ಲೈಮ್ ಅಂತಾರೆ, ಮತ್ತೊಬ್ಬರು ಸುಣ್ಣದ ಕಲ್ಲಿನ ಪುಡಿಯೇ ಸಾಕು ಅಂತಾರೆ. ಮೂರೂ ಒಂದೇನಾ?

ಒಂದೇ ಅಲ್ಲ. ಮೂರೂ ಒಂದೇ ಮನೆತನದವು, ಆದರೆ ಕೆಲಸದಲ್ಲಿ ಬಹಳ ವ್ಯತ್ಯಾಸ ಇದೆ.

ಸುಣ್ಣದ ಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಮಾಡಿದರೆ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ಶುದ್ಧವಾದ 100 ಕೆಜಿ ಕಲ್ಲು ಹಾಕಿದರೆ ಕೈಗೆ ಸಿಗುವುದು 56 ಕೆಜಿ. ಉಳಿದ 44 ಕೆಜಿ ಗಾಳಿಗೆ ಹೋಗುತ್ತದೆ. ಹೀಗೆ ಹೋಗುವ ಅನಿಲವನ್ನು ಗುರುತಿಸಿದವರು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್, ಅವರ ಪ್ರಬಂಧ ಅಚ್ಚಾಗಿದ್ದು 1756ರಲ್ಲಿ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅದು ಕುದಿಯುತ್ತಾ ಅರಳುತ್ತದೆ. ಆ 56 ಕೆಜಿ 18 ಕೆಜಿ ನೀರು ಕುಡಿದು 74 ಕೆಜಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಇದೇ ಹೈಡ್ರೇಟೆಡ್ ಲೈಮ್, ಅರಳಿದ ಸುಣ್ಣ.

ಕಲ್ಲಿನ ಪುಡಿ ಆಸಿಡ್ ನೀರನ್ನು ಸ್ವಲ್ಪ ಮಟ್ಟಿಗೆ ತಣಿಸಬಲ್ಲದು, ಅಂದರೆ ಅದರ ಆಸಿಡ್ ಗುಣ ಕಳೆಯಬಲ್ಲದು, ಆದರೆ ಪಿಎಚ್ (ನೀರು ಆಸಿಡ್ಡೋ ಕ್ಷಾರವೋ ಎಂದು ಹೇಳುವ ಅಳತೆ; 7 ಸಮ, ಅದಕ್ಕಿಂತ ಕಡಿಮೆ ಆಸಿಡ್, ಜಾಸ್ತಿ ಕ್ಷಾರ) 6ರ ಹತ್ತಿರ ಬಂದಂತೆ ಅದರ ಕೆಲಸ ತೀರಾ ನಿಧಾನ ಆಗುತ್ತದೆ. ಅದನ್ನು ನಂಬಿಕೊಂಡು ಪಿಎಚ್ 9, 10ಕ್ಕೆ ಹೋಗಲು ಆಗುವುದಿಲ್ಲ. ತುಂಬಾ ಆಸಿಡ್ ಇರುವ ಕಡೆ ಮೊದಲ ಹಂತಕ್ಕೆ ಕಲ್ಲಿನ ಪುಡಿ, ಆಮೇಲೆ ಸುಣ್ಣ ಎಂದು ಮಾಡುವುದುಂಟು, ಅದು ಒಳ್ಳೆಯ ಉಪಾಯವೇ. ಇನ್ನು ಸುಟ್ಟ ಸುಣ್ಣವೋ ಅರಳಿದ್ದೋ ಎಂಬುದು ನಿಮ್ಮ ಪ್ಲಾಂಟ್ ಎಷ್ಟು ದೊಡ್ಡದು ಎಂಬುದರ ಮೇಲೆ ನಿಂತಿದೆ. ದಿನಕ್ಕೆ ಟನ್‌ಗಟ್ಟಲೆ ಬೇಕಾದರೆ ಸುಟ್ಟ ಸುಣ್ಣ ತರಿಸಿ ನೀವೇ ಅರಳಿಸುವುದು ಲಾಭ. ಆದರೆ ಅದಕ್ಕೆ ಸರಿಯಾದ ಯಂತ್ರ ಬೇಕು, ಬಿಸಿ ನಿಭಾಯಿಸಲು ಗೊತ್ತಿರುವ ಜನ ಬೇಕು. ಚೀಲದ ಲೆಕ್ಕದಲ್ಲಿ ಬಳಸುವವರು ಅರಳಿದ ಸುಣ್ಣವನ್ನೇ ಕೊಳ್ಳಲಿ.

ಪ್ರಶ್ನೆ: ನಾನು ಇಟಿಪಿ (ಕಾರ್ಖಾನೆಯ ಕೊಳಚೆ ನೀರಿನ ಸಂಸ್ಕರಣಾ ಘಟಕ) ಆಪರೇಟರ್. ಆಸಿಡ್ ನೀರಿಗೆ ಸುಣ್ಣದ ಹಾಲು (ನೀರಿನಲ್ಲಿ ಕಲಸಿದ ಸುಣ್ಣ) ಬಿಡುತ್ತೇನೆ, ಪಿಎಚ್ ಏರುವುದೇ ಇಲ್ಲ. ಇನ್ನಷ್ಟು ಬಿಡುತ್ತೇನೆ. ಮೀಟರ್ 8 ತೋರಿಸಿದಾಗ ನಿಲ್ಲಿಸುತ್ತೇನೆ. ಅರ್ಧ ಗಂಟೆ ಬಿಟ್ಟು ಮುಂದಿನ ಟ್ಯಾಂಕಿನಲ್ಲಿ ನೋಡಿದರೆ 11 ದಾಟಿರುತ್ತದೆ. ಮೀಟರ್ ಬದಲಾಯಿಸಿ ಆಯಿತು, ಸುಣ್ಣ ಬದಲಾಯಿಸಿ ಆಯಿತು. ತಪ್ಪು ಎಲ್ಲಿದೆ ಸರ್?

ಮೀಟರಿನದೂ ಅಲ್ಲ, ಬಹುಶಃ ಸುಣ್ಣದ್ದೂ ಅಲ್ಲ. ನೀವು ಸುಣ್ಣಕ್ಕೆ ಟೈಮ್ ಕೊಡುತ್ತಿಲ್ಲ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇವತ್ತಿನ ಮುಕ್ಕಾಲು ಪಾಲು ಪತ್ರಗಳಿಗೆ ಉತ್ತರ ಇದರೊಳಗೇ ಇದೆ.

ಸುಣ್ಣ ನೀರಿನಲ್ಲಿ ಕರಗುವುದು ಬಹಳ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರಿಗೆ ಸುಮಾರು 1.7 ಗ್ರಾಂ, ಅಷ್ಟೇ. ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ಅದೇ ಒಂದು ಲೀಟರಿನಲ್ಲಿ ಒಂದು ಕೆಜಿಯಷ್ಟು ಕರಗುತ್ತದೆ. ನೀವು ಬಿಡುತ್ತಿರುವ ಸುಣ್ಣದ ಹಾಲು 10 ಶೇಕಡಾದ್ದು ಎಂದಿಟ್ಟುಕೊಳ್ಳಿ, ಅದರಲ್ಲಿ ಲೀಟರಿಗೆ 100 ಗ್ರಾಂ ಚಿಲ್ಲರೆ ಸುಣ್ಣ ಇದ್ದರೆ ಕರಗಿ ಕೆಲಸಕ್ಕೆ ಸಿದ್ಧವಾಗಿರುವುದು ಒಂದೂವರೆ ಎರಡು ಗ್ರಾಂ ಮಾತ್ರ, ಉಳಿದದ್ದೆಲ್ಲ ಸಣ್ಣ ಸಣ್ಣ ಕಣಗಳಾಗಿ ತೇಲಾಡುತ್ತಿರುತ್ತದೆ. ಟ್ಯಾಂಕಿನ ಆಸಿಡ್ ಕರಗಿದ್ದನ್ನು ತಿಂದು ಮುಗಿಸಿದ ಮೇಲೆ ಕಣದಿಂದ ಇನ್ನಷ್ಟು ಕರಗಬೇಕು, ಅದೂ ಮುಗಿದರೆ ಮತ್ತಷ್ಟು. ಕಣ ದಪ್ಪಗಿದ್ದರೆ ಇನ್ನೂ ತಡ. ಸಲ್ಫ್ಯೂರಿಕ್ ಆಸಿಡ್ ಇರುವ ನೀರಾದರೆ ಕಣದ ಮೇಲೆ ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಪದರ ಕೂತು ಒಳಗಿನ ಸುಣ್ಣವನ್ನು ಮುಚ್ಚಿಬಿಡುವುದೂ ಉಂಟು.

ನಿಮ್ಮ ಮೀಟರ್ ನೋಡುತ್ತಿರುವುದು ಈ ಕ್ಷಣಕ್ಕೆ ಕರಗಿರುವುದನ್ನು ಮಾತ್ರ. ಕರಗದೆ ಕಾದು ಕುಳಿತಿರುವ ಸುಣ್ಣ ಅದಕ್ಕೆ ಕಾಣುವುದಿಲ್ಲ. ನೀವು 8ಕ್ಕೆ ನಿಲ್ಲಿಸಿದಾಗ ನೀರಿನಲ್ಲಿ ಇನ್ನೂ ಬೇಕಾದಷ್ಟು ಸುಣ್ಣ ಉಳಿದಿತ್ತು, ಅದು ಮುಂದಿನ ಟ್ಯಾಂಕಿನಲ್ಲಿ ನಿಧಾನವಾಗಿ ಕರಗಿ 11ಕ್ಕೆ ತಂದಿತು.

ಏನು ಮಾಡಬೇಕು? ಮೊದಲು ಒಂದು ಬೀಕರ್ ತೆಗೆದುಕೊಳ್ಳಿ. ಒಂದು ಲೀಟರ್ ನೀರಿಗೆ ಅಳತೆ ಮಾಡಿದ ಸುಣ್ಣದ ಹಾಲು ಒಂದೇ ಸಲ ಹಾಕಿ, ಕಲಕುತ್ತಾ ಇರಿ. ಮೊದಲ ನಿಮಿಷ, 5ನೇ ನಿಮಿಷ, 10, 20, 30 ಹೀಗೆ ಪಿಎಚ್ ಬರೆದುಕೊಳ್ಳಿ. ಯಾವಾಗ ಏರುವುದು ನಿಲ್ಲುತ್ತದೋ ಅದೇ ನಿಮ್ಮ ನೀರಿಗೂ ನಿಮ್ಮ ಸುಣ್ಣಕ್ಕೂ ಬೇಕಾದ ಸಮಯ. ಸಾಮಾನ್ಯವಾಗಿ ಅದು 15 ರಿಂದ 30 ನಿಮಿಷ ಇರುತ್ತದೆ. ನಿಮ್ಮ ಟ್ಯಾಂಕಿನಲ್ಲಿ ನೀರು ಅಷ್ಟು ಹೊತ್ತು ನಿಲ್ಲುತ್ತದೆಯಾ ಲೆಕ್ಕ ಹಾಕಿ. ಟ್ಯಾಂಕಿನ ಲೀಟರನ್ನು ನಿಮಿಷಕ್ಕೆ ಬರುವ ಲೀಟರಿನಿಂದ ಭಾಗಿಸಿದರೆ ಆಯಿತು. ನಿಲ್ಲುವುದಿಲ್ಲ ಎಂದಾದರೆ ಎರಡು ಟ್ಯಾಂಕ್ ಸಾಲಾಗಿ ಇಡಿ. ಮೊದಲನೆಯದರಲ್ಲಿ ಬೇಕಾದ ಸುಣ್ಣದ ಬಹುಪಾಲು ಹಾಕಿ ಪಿಎಚ್ 6ರ ಆಸುಪಾಸಿಗೆ ತನ್ನಿ, ಎರಡನೆಯದರಲ್ಲಿ ಸಣ್ಣ ಪಂಪಿನಿಂದ ಸ್ವಲ್ಪ ಸ್ವಲ್ಪವೇ ಸೇರಿಸಿ. ಮೀಟರಿನ ಪ್ರೋಬನ್ನು ಸುಣ್ಣ ಬೀಳುವ ಜಾಗದ ಪಕ್ಕ ಇಡಬೇಡಿ, ನೀರು ಹೊರಗೆ ಹೋಗುವ ಕಡೆ ಇಡಿ. ಪ್ರೋಬಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಅದನ್ನು ತೆಳು ಆಸಿಡ್‌ನಲ್ಲಿ ಅದ್ದಿ ತೊಳೆಯುವ ಅಭ್ಯಾಸ ಇಟ್ಟುಕೊಳ್ಳಿ. ಕಲಕುವ ಫ್ಯಾನ್ ಸರಿಯಾಗಿ ತಿರುಗುತ್ತಿದೆಯಾ ಎಂದೂ ನೋಡಿ, ಅದು ಸೊರಗಿದ್ದರೆ ಸುಣ್ಣ ತಳದಲ್ಲಿ ಕೂತು ಗಟ್ಟಿಯಾಗುತ್ತದೆ, ನೀವು ಮೇಲಿಂದ ಸುರಿಯುತ್ತಲೇ ಇರುತ್ತೀರಿ.

ಇನ್ನೊಂದು ವಿಷಯ ತಿಳಿದಿರಲಿ. ಕಡಿಮೆ ಕರಗುವುದರಿಂದ ಒಂದು ಲಾಭವೂ ಇದೆ. ಸುಣ್ಣ ಎಷ್ಟೇ ಜಾಸ್ತಿ ಹಾಕಿದರೂ 25 ಡಿಗ್ರಿಯಲ್ಲಿ ಪಿಎಚ್ ಸುಮಾರು 12.4ರ ಮೇಲೆ ಹೋಗುವುದಿಲ್ಲ. ಈ ಸಂಖ್ಯೆ ಎಷ್ಟು ಸ್ಥಿರ ಎಂದರೆ ಪಿಎಚ್ ಮೀಟರ್ ಸರಿ ಇದೆಯಾ ಎಂದು ಪರೀಕ್ಷಿಸಲು ಸುಣ್ಣದ ತಿಳಿನೀರನ್ನೇ ಲ್ಯಾಬುಗಳಲ್ಲಿ ಮಾನದಂಡವಾಗಿ ಬಳಸುತ್ತಾರೆ. ಕಾಸ್ಟಿಕ್ ಆದರೆ ಕೈತಪ್ಪಿದರೆ 14ಕ್ಕೂ ಹೋಗುತ್ತದೆ.

ಪ್ರಶ್ನೆ: ಹಾಗಿದ್ದರೆ ಇಷ್ಟೆಲ್ಲ ರಗಳೆ ಯಾಕೆ? ಕಾಸ್ಟಿಕ್ ಸೋಡಾ ಹಾಕಿದರೆ ಮುಗಿಯಿತಲ್ವಾ? ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್) ಹೇಗೆ?

ಚಿಕ್ಕ ಪ್ಲಾಂಟ್ ಆದರೆ, ಜನ ಕಡಿಮೆ ಇದ್ದರೆ, ಕಾಸ್ಟಿಕ್ ನಿಜಕ್ಕೂ ಸುಲಭ. ಪಂಪ್ ಮಾಡಬಹುದು, ಕ್ಷಣದಲ್ಲಿ ಬೆರೆಯುತ್ತದೆ, ಪೈಪ್ ಕಟ್ಟುವುದಿಲ್ಲ. ಅದನ್ನು ಬೇಡ ಎನ್ನುವುದಿಲ್ಲ.

ಆದರೆ ಲೆಕ್ಕ ನೋಡಿ. ಒಂದು ಕೆಜಿ ಸಲ್ಫ್ಯೂರಿಕ್ ಆಸಿಡ್ ತಣಿಸಲು ಅರಳಿದ ಸುಣ್ಣ 0.76 ಕೆಜಿ ಸಾಕು, ಸುಟ್ಟ ಸುಣ್ಣವಾದರೆ 0.57. ಕಾಸ್ಟಿಕ್ 0.82 ಬೇಕು, ಸೋಡಾ ಆಶ್ 1.08. ಇದು ಶುದ್ಧ ಸರಕಿನ ಲೆಕ್ಕ. ತೂಕಕ್ಕೆ ತೂಕ ಸುಣ್ಣವೇ ಮುಂದಿದೆ, ಸಾಮಾನ್ಯವಾಗಿ ಖರ್ಚಿನಲ್ಲೂ ಅದೇ ಅಗ್ಗ. ಸೋಡಾ ಆಶ್ ಹಾಕಿದರೆ ಕಾರ್ಬನ್ ಡೈಆಕ್ಸೈಡ್ ಬಂದು ನೊರೆ ಏಳುತ್ತದೆ, ಗಾಳಿಯಾಡದ ಟ್ಯಾಂಕಿನಲ್ಲಿ ಇದು ಅಪಾಯ.

ಕಾಸ್ಟಿಕ್ ಹಾಕಿದರೆ ನೀರಿಗೆ ಸೋಡಿಯಂ ಸೇರುತ್ತದೆ, ಅದು ನೀರಿನಲ್ಲೇ ಉಳಿಯುತ್ತದೆ, ಟಿಡಿಎಸ್, ಅಂದರೆ ಕರಗಿದ ಲವಣಗಳ ಒಟ್ಟು ಪ್ರಮಾಣ, ಏರುತ್ತದೆ. ಆ ನೀರನ್ನು ಮಣ್ಣಿಗೆ ಬಿಡುವುದಾದರೆ ಸೋಡಿಯಂ ಒಳ್ಳೆಯದಲ್ಲ, ಜೇಡಿಮಣ್ಣಿನ ರಚನೆಯನ್ನೇ ಕೆಡಿಸುತ್ತದೆ. ಸುಣ್ಣದಲ್ಲಿ ಬರುವುದು ಕ್ಯಾಲ್ಸಿಯಂ. ಸಲ್ಫ್ಯೂರಿಕ್ ಆಸಿಡ್ ಜೊತೆ ಅದು ಜಿಪ್ಸಂ ಆಗಿ ತಳಕ್ಕೆ ಕೂರುತ್ತದೆ, ಸಲ್ಫೇಟನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಹಾಗೆಂದು ಪೂರ್ತಿ ಹೋಗುತ್ತದೆ ಎಂದು ತಿಳಿಯಬೇಡಿ. ಜಿಪ್ಸಂ ಕೂಡ ಲೀಟರಿಗೆ 2 ಗ್ರಾಂನಿಂದ 2.5 ಗ್ರಾಂವರೆಗೆ ಕರಗುತ್ತದೆ, ಅಷ್ಟು ನೀರಿನಲ್ಲಿ ಉಳಿದೇ ಉಳಿಯುತ್ತದೆ. ಕೂತದ್ದು ಕೆಸರಾಗುತ್ತದೆ, ಅದನ್ನು ಹಿಂಡಬೇಕು, ಒಣಗಿಸಬೇಕು, ಸಾಗಿಸಬೇಕು. ಒಂದು ಕೆಜಿ ಆಸಿಡ್‌ಗೆ ಹೆಚ್ಚೆಂದರೆ 1.75 ಕೆಜಿ ಜಿಪ್ಸಂ. ಸುಣ್ಣ ಅಗ್ಗ ಎನ್ನುವವರು ಈ ಕೆಸರಿನ ಖರ್ಚನ್ನು ಮರೆತು ಲೆಕ್ಕ ಹಾಕುತ್ತಾರೆ, ಅದು ಸರಿಯಲ್ಲ.

ಮೆಗ್ನೀಷಿಯಂ ಹೈಡ್ರಾಕ್ಸೈಡ್ ಬಗ್ಗೆಯೂ ಒಬ್ಬರು ಕೇಳಿದ್ದಾರೆ. ಅದು ಸುಣ್ಣಕ್ಕಿಂತಲೂ ಕಡಿಮೆ ಕರಗುತ್ತದೆ, ಪಿಎಚ್ 10.5ರ ಆಸುಪಾಸಿಗೆ ನಿಂತುಬಿಡುತ್ತದೆ. ಬ್ಯಾಕ್ಟೀರಿಯಾ ಸಾಕಿ ನೀರು ಶುದ್ಧ ಮಾಡುವ ಪ್ಲಾಂಟುಗಳಿಗೆ ಇದು ಹಿತ, ಏಕೆಂದರೆ ಡೋಸ್ ಹೆಚ್ಚಾದರೂ ಜೀವಿಗಳು ಸಾಯುವಷ್ಟು ಪಿಎಚ್ ಏರುವ ಭಯ ಕಡಿಮೆ. ಆದರೆ ನಿಧಾನ ಎಂದರೆ ನಿಧಾನ.

ಪ್ರಶ್ನೆ: ಗಡಸು ನೀರಿನಲ್ಲಿ ಇರುವುದೇ ಕ್ಯಾಲ್ಸಿಯಂ. ಅದನ್ನು ತೆಗೆಯಲು ಮತ್ತೆ ಕ್ಯಾಲ್ಸಿಯಂ ಇರುವ ಸುಣ್ಣ ಹಾಕುತ್ತಾರಂತೆ. ಇದು ಹೇಗೆ ಸಾಧ್ಯ? (ಪದವಿ ವಿದ್ಯಾರ್ಥಿನಿ)

ನಿಮ್ಮ ಅನುಮಾನ ನ್ಯಾಯವಾದದ್ದು. ಗುಟ್ಟು ಇರುವುದು ಕ್ಯಾಲ್ಸಿಯಂ ಯಾರ ಜೊತೆ ಇದೆ ಎಂಬುದರಲ್ಲಿ. ನೀರಿನಲ್ಲಿ ಅದು ಬೈಕಾರ್ಬೊನೇಟ್ ಜೊತೆ ಇದ್ದರೆ ಕರಗಿರುತ್ತದೆ. ಸುಣ್ಣ ಹಾಕಿದಾಗ ಬೈಕಾರ್ಬೊನೇಟ್ ಕಾರ್ಬೊನೇಟ್ ಆಗಿ ಬದಲಾಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ನೀರಿನಲ್ಲಿ ಕರಗುವುದಿಲ್ಲ ಎಂದೇ ಹೇಳಬಹುದು, ಹಾಗಾಗಿ ಗಸಿಯಾಗಿ ಕೂರುತ್ತದೆ. ಹೋಗುವಾಗ ನೀರಿನಲ್ಲಿದ್ದ ಒಂದು ಕ್ಯಾಲ್ಸಿಯಂ, ನೀವು ಹಾಕಿದ ಒಂದು ಕ್ಯಾಲ್ಸಿಯಂ, ಎರಡೂ ಒಟ್ಟಿಗೆ ಹೋಗುತ್ತವೆ. ಲೆಕ್ಕ ಸರಿಹೋಯಿತಲ್ವಾ?

ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಥಾಮಸ್ ಕ್ಲಾರ್ಕ್, 1841ರಲ್ಲಿ. ಇವತ್ತಿಗೂ ಮೂಲ ತತ್ವ ಅದೇ.

ಮೆಗ್ನೀಷಿಯಂ ತೆಗೆಯಬೇಕಾದರೆ ಇನ್ನೂ ಸುಣ್ಣ ಬೇಕು. ಪಿಎಚ್ 10.5 ದಾಟಿ 11ರ ಹತ್ತಿರ ಹೋದಾಗ ಅದು ಮೆಗ್ನೀಷಿಯಂ ಹೈಡ್ರಾಕ್ಸೈಡ್ ಆಗಿ ಕೂರುತ್ತದೆ. ಬಾಯ್ಲರ್ ನೀರಿಗೆ ಇದರಿಂದ ಇನ್ನೊಂದು ಉಪಕಾರ ಇದೆ: ಕೂರುವಾಗ ಅದು ಸಿಲಿಕಾವನ್ನೂ ಅಂಟಿಸಿಕೊಂಡು ಹೋಗುತ್ತದೆ, ನೀರು ಬಿಸಿಯಿದ್ದರೆ ಇನ್ನೂ ಚೆನ್ನಾಗಿ. ಕ್ಯಾಲ್ಸಿಯಂ ಇರುವುದು ಸಲ್ಫೇಟ್ ಅಥವಾ ಕ್ಲೋರೈಡ್ ಜೊತೆಗಾದರೆ ಮಾತ್ರ ಸುಣ್ಣ ಒಂದರಿಂದ ಆಗುವುದಿಲ್ಲ. ಆಗ ಕಾರ್ಬೊನೇಟ್ ಹೊರಗಿಂದ ಕೊಡಬೇಕು, ಅದಕ್ಕೇ ಜೊತೆಗೆ ಸೋಡಾ ಆಶ್ ಹಾಕುತ್ತಾರೆ.

ಗಡಸುತನ ಶೂನ್ಯಕ್ಕೆ ಇಳಿಯುವುದಿಲ್ಲ. ಕ್ಯಾಲ್ಸಿಯಂ ಪಾಲು (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಲೀಟರಿಗೆ 30, 40 ಮಿಲಿಗ್ರಾಂ ಹತ್ತಿರ ನಿಲ್ಲುತ್ತದೆ. ಕೊನೆಗೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಪಿಎಚ್ ಇಳಿಸುತ್ತಾರೆ, ಇಲ್ಲದಿದ್ದರೆ ಉಳಿದ ಕಾರ್ಬೊನೇಟ್ ಫಿಲ್ಟರ್ ಮರಳಿನ ಮೇಲೆ, ಪೈಪಿನ ಒಳಗೆ ಕಲ್ಲಾಗುತ್ತದೆ.

ಪ್ರಶ್ನೆ: ಕುಡಿಯುವ ನೀರಿನ ಪ್ಲಾಂಟಿನಲ್ಲಿ ಆಲಂ (ಅಲ್ಯೂಮಿನಿಯಂ ಸಲ್ಫೇಟ್) ಜೊತೆ ಸುಣ್ಣ ಹಾಕುವುದನ್ನು ನೋಡಿದೆ. ಯಾಕೆ?

ಆಲಂ ಕೆಲಸ ಮಾಡುವಾಗ ನೀರಿನ ಕ್ಷಾರತೆಯನ್ನು, ಅಂದರೆ ಆಸಿಡ್ ತಡೆದುಕೊಳ್ಳುವ ಶಕ್ತಿಯನ್ನು, ತಿನ್ನುತ್ತದೆ. ಒಂದು ಮಿಲಿಗ್ರಾಂ ಆಲಂಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕ್ಷಾರತೆ ಖರ್ಚು. ಮೆದು ನೀರಿನಲ್ಲಿ ಅಷ್ಟು ಬಂಡವಾಳ ಇರುವುದಿಲ್ಲ, ಪಿಎಚ್ ಕುಸಿಯುತ್ತದೆ, ಆಲಂ ಹೂವಿನ ಹಾಗೆ ಅರಳಿ ಕೊಳೆ ಹಿಡಿಯುವುದು ನಿಂತುಹೋಗುತ್ತದೆ. ಒಂದು ಮಿಲಿಗ್ರಾಂ ಆಲಂಗೆ 0.37 ಮಿಲಿಗ್ರಾಂ ಸುಣ್ಣ ಹಾಕಿದರೆ ಆ ಕೊರತೆ ತುಂಬುತ್ತದೆ. ಕೊನೆಯಲ್ಲಿ ಮತ್ತೆ ಸ್ವಲ್ಪ ಹಾಕುವುದು ಪೈಪುಗಳಿಗೋಸ್ಕರ. ಪಿಎಚ್ ಕಡಿಮೆ ಇರುವ ಮೆದು ನೀರು ಕಬ್ಬಿಣ, ತಾಮ್ರ, ಸೀಸ ಎಲ್ಲವನ್ನೂ ಕೊರೆಯುತ್ತದೆ.

ಪ್ರಶ್ನೆ: ಪ್ಲೇಟಿಂಗ್ (ಲೋಹದ ಲೇಪ ಹಾಕುವ) ಘಟಕದ ನೀರು. ಸತು, ನಿಕಲ್, ಕ್ರೋಮ್ ಎಲ್ಲಾ ಇವೆ. ಪಿಎಚ್ ಜಾಸ್ತಿ ಮಾಡಿದಷ್ಟೂ ಲೋಹ ಚೆನ್ನಾಗಿ ಕೂರುತ್ತದೆ ಎಂದು 11.5ಕ್ಕೆ ಇಟ್ಟಿದ್ದೇವೆ. ಆದರೂ ಸತು ಮತ್ತು ಕ್ರೋಮಿಯಂ ಲ್ಯಾಬ್ ವರದಿಯಲ್ಲಿ ಜಾಸ್ತಿ ಬರುತ್ತಿದೆ.

ಜಾಸ್ತಿ ಮಾಡಿದಷ್ಟೂ ಒಳ್ಳೆಯದು ಎಂಬುದೇ ಇಲ್ಲಿ ಎಡವಟ್ಟು. ಸತು, ಕ್ರೋಮಿಯಂ ಎರಡೂ ಆಸಿಡ್‌ನಲ್ಲೂ ಕರಗುತ್ತವೆ, ಕ್ಷಾರ ಮಿತಿಮೀರಿದರೂ ಕರಗುತ್ತವೆ. ಸತು ಚೆನ್ನಾಗಿ ಕೂರುವುದು ಪಿಎಚ್ 9ರಿಂದ 9.5ರಲ್ಲಿ. ಕ್ರೋಮಿಯಂ 7.5ರಿಂದ 8.5ರಲ್ಲಿ. ನಿಕಲ್‌ಗೆ ಮಾತ್ರ 10, 10.5 ಬೇಕು. 11.5ರಲ್ಲಿ ನೀವು ಕೂತ ಸತುವನ್ನು ಎಬ್ಬಿಸಿ ಮತ್ತೆ ನೀರಿಗೆ ಕಳಿಸುತ್ತಿದ್ದೀರಿ.

ಎಲ್ಲವೂ ಬೆರೆತಿದ್ದರೆ 9ರಿಂದ 9.5ರ ನಡುವೆ ಒಂದು ರಾಜಿ ಹುಡುಕಬೇಕು, ಅದನ್ನೂ ಬೀಕರಿನಲ್ಲೇ. ನಿಕಲ್ ತುಂಬಾ ಇದ್ದರೆ ಆ ಸಾಲಿನ ನೀರನ್ನು ಬೇರೆಯಾಗಿಯೇ ಹಿಡಿಯುವುದು ಉತ್ತಮ. ಕ್ರೋಮ್ ಬಗ್ಗೆ ಒತ್ತಿ ಹೇಳುತ್ತೇನೆ. ಹಳದಿ ಬಣ್ಣದ ಆರರ ಕ್ರೋಮಿಯಂ, ಅಂದರೆ ಹೆಕ್ಸಾವೇಲೆಂಟ್ ಕ್ರೋಮಿಯಂ, ಸುಣ್ಣಕ್ಕೆ ಬಗ್ಗುವುದೇ ಇಲ್ಲ. ಮೊದಲು ಪಿಎಚ್ 2, 3ಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಅದನ್ನು ಹಸಿರು ಬಣ್ಣದ ಮೂರರ ಕ್ರೋಮಿಯಂ ಮಾಡಿಕೊಳ್ಳಬೇಕು. ಆಮೇಲೆ ಸುಣ್ಣ. ಆರರ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು, ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಸಯನೈಡ್ ಇರುವ ನೀರು ನಿಮ್ಮಲ್ಲಿದ್ದರೆ ಅದು ಯಾವ ಕಾರಣಕ್ಕೂ ಈ ಆಸಿಡ್ ಟ್ಯಾಂಕಿಗೆ ಸೇರಬಾರದು. ಪಿಎಚ್ ಇಳಿದರೆ ಸಯನೈಡ್ ವಿಷಾನಿಲವಾಗಿ ಮೇಲೇಳುತ್ತದೆ, ಜನ ಸಾಯುತ್ತಾರೆ.

ಸುಣ್ಣದಲ್ಲಿ ಕೂತ ಲೋಹದ ಕೆಸರು ಕಾಸ್ಟಿಕ್‌ನದ್ದಕ್ಕಿಂತ ಪ್ರಮಾಣದಲ್ಲಿ ಜಾಸ್ತಿ, ಆದರೆ ಭಾರ ಇರುತ್ತದೆ, ಬೇಗ ಕೂರುತ್ತದೆ, ಫಿಲ್ಟರ್ ಪ್ರೆಸ್‌ನಲ್ಲಿ ಚೆನ್ನಾಗಿ ಹಿಂಡಿಸಿಕೊಳ್ಳುತ್ತದೆ. ಕಾಸ್ಟಿಕ್‌ನದ್ದು ಲೋಳೆಲೋಳೆ.

ಪ್ರಶ್ನೆ: ಫ್ಲೋರೈಡ್ ತೆಗೆಯಲು ಸುಣ್ಣ ಹಾಕುತ್ತೇವೆ. ನೂರಾರು ಮಿಲಿಗ್ರಾಂನಿಂದ 15ಕ್ಕೆ ಬರುತ್ತದೆ, ಅದಕ್ಕಿಂತ ಕೆಳಗೆ ಬರುವುದೇ ಇಲ್ಲ.

ಬರುವುದೂ ಇಲ್ಲ. ಕ್ಯಾಲ್ಸಿಯಂ ಫ್ಲೋರೈಡ್ ತಾನೇ ಸ್ವಲ್ಪ ಕರಗುವ ವಸ್ತು. ಲೆಕ್ಕದ ಪ್ರಕಾರವೇ ಲೀಟರಿಗೆ ಸುಮಾರು 8 ಮಿಲಿಗ್ರಾಂ ಫ್ಲೋರೈಡ್ ಉಳಿಯುತ್ತದೆ, ನಿಜವಾದ ನೀರಿನಲ್ಲಿ ಇನ್ನೂ ಜಾಸ್ತಿ. ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ ಕ್ಯಾಲ್ಸಿಯಂ ಹೆಚ್ಚಿಸಿದರೆ ಕೊಂಚ ಇಳಿಯಬಹುದು. ಆಮೇಲೆ ಪಿಎಚ್ 6.5, 7ಕ್ಕೆ ತಂದು ಆಲಂ ಹಾಕಿ ಎರಡನೇ ಸಲ ಕೂರಿಸಿ. ಸುಣ್ಣ ಇನ್ನಷ್ಟು ಸುರಿಯುವುದರಿಂದ ಕೆಸರು ಬಿಟ್ಟು ಬೇರೇನೂ ಹೆಚ್ಚುವುದಿಲ್ಲ.

ಪ್ರಶ್ನೆ: ಸುಣ್ಣದ ಹಾಲಿನ ಪೈಪ್ ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ. ಪರಿಹಾರ ಹೇಳಿ.

ಎರಡು ಕಾಯಿಲೆ ಇವೆ, ನಿಮ್ಮದು ಯಾವುದು ಎಂದು ಮೊದಲು ನೋಡಿ. ಪೈಪ್ ಕತ್ತರಿಸಿದಾಗ ಒಳಗೆ ಮೆತ್ತಗಿನ ಪುಡಿ ತಳದಲ್ಲಿ ಮಾತ್ರ ಕೂತಿದ್ದರೆ ಹರಿವಿನ ವೇಗ ಸಾಲದು. ಸುತ್ತಲೂ ಗಟ್ಟಿ ಚಿಪ್ಪು ಕಟ್ಟಿದ್ದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣ ಕಲಸಿದ ನೀರೇ ಗಡಸು ಎಂದರ್ಥ. ಮೇಲೆ ವಿದ್ಯಾರ್ಥಿನಿಗೆ ಹೇಳಿದ ಅದೇ ಕ್ರಿಯೆ ನಿಮ್ಮ ಪೈಪಿನೊಳಗೆ ನಡೆಯುತ್ತಿದೆ. ಮೆದು ನೀರಿನಲ್ಲಿ ಕಲಸಿದರೆ ಅರ್ಧ ರೋಗ ವಾಸಿ.

ಉಳಿದದ್ದಕ್ಕೆ, ಹಾಲನ್ನು ಟ್ಯಾಂಕಿನಿಂದ ಹೊರಟು ಮತ್ತೆ ಟ್ಯಾಂಕಿಗೇ ಬರುವ ಹಾಗೆ ಸುತ್ತು ಪೈಪಿನಲ್ಲಿ ನಿಲ್ಲದೆ ಓಡಿಸಿ, ಬೇಕಾದಷ್ಟನ್ನು ಆ ಸುತ್ತಿನಿಂದ ಚಿಕ್ಕ ಕವಲಿನಲ್ಲಿ ತೆಗೆದುಕೊಳ್ಳಿ. ಮೊಣಕೈ ತಿರುವುಗಳನ್ನು ಕಡಿಮೆ ಮಾಡಿ. ಕಬ್ಬಿಣದ ಪೈಪಿನ ಬದಲು ಬಗ್ಗುವ ಹೋಸ್ ಹಾಕಿದರೆ ಚಿಪ್ಪು ಕಟ್ಟಿದಾಗ ಹಿಸುಕಿ ಒಡೆಯಬಹುದು, ಕೈಗೆ ಸುಲಭ. ಪಂಪ್ ನಿಲ್ಲಿಸಿದ ಪ್ರತಿ ಸಲವೂ ನೀರು ಬಿಟ್ಟು ತೊಳೆಯಿರಿ. ಬಿಸಿ ಪೈಪುಗಳ ಪಕ್ಕದಲ್ಲಿ ಸುಣ್ಣದ ಲೈನ್ ಎಳೆಯಬೇಡಿ. ಬಹಳಷ್ಟು ವಸ್ತುಗಳು ಬಿಸಿಯಲ್ಲಿ ಜಾಸ್ತಿ ಕರಗುತ್ತವೆ, ಸುಣ್ಣ ಉಲ್ಟಾ. ಕುದಿಯುವ ನೀರಿನಲ್ಲಿ ಅದು ಲೀಟರಿಗೆ 0.7 ಗ್ರಾಂ ಕೂಡ ಕರಗುವುದಿಲ್ಲ. ಬಿಸಿ ಗೋಡೆ ಸಿಕ್ಕಿದ ಕಡೆ ಕರಗಿದ ಸುಣ್ಣ ಹೊರಬಂದು ಅಂಟಿಕೊಳ್ಳುತ್ತದೆ.

ಸುಟ್ಟ ಸುಣ್ಣವನ್ನು ನೀವೇ ಅರಳಿಸುತ್ತಿದ್ದರೆ ಇನ್ನೊಂದು ಮಾತು. ತಣ್ಣೀರು ಒಮ್ಮೆಗೇ ತುಂಬಿ ಮುಳುಗಿಸಬೇಡಿ. ಅರಳುವಾಗ 70ರಿಂದ 85 ಡಿಗ್ರಿ ಬಿಸಿ ಇದ್ದರೆ ಕಣಗಳು ನುಣ್ಣಗೆ ಬರುತ್ತವೆ, ಆಮೇಲೆ ನೀರಿನಲ್ಲಿ ಬೇಗ ಕೆಲಸ ಮಾಡುತ್ತವೆ. ತಣ್ಣಗೆ ಮುಳುಗಿಸಿದರೆ ಕಣ ದಪ್ಪ, ಒಳಗೆ ಅರಳದ ತಿರುಳು ಬೇರೆ. ಗೂಡಿನಲ್ಲಿ ಅತಿಯಾಗಿ ಸುಟ್ಟ ಸುಣ್ಣವೂ ಹೀಗೇ, ಅರಳಲು ಬಹಳ ತಡ ಮಾಡುತ್ತದೆ.

ಪ್ರಶ್ನೆ: ನೀರು ಬಿಟ್ಟರೆ ಬೇರೆ ಎಲ್ಲೆಲ್ಲಿ ಈ ಸುಣ್ಣ ಬಳಕೆ? ಪ್ರಾಜೆಕ್ಟ್‌ಗೆ ಬೇಕಿತ್ತು.

ಒಂದು ಪುಟದಲ್ಲಿ ಮುಗಿಯುವುದಿಲ್ಲ, ನನಗೆ ಇಷ್ಟವಾದವು ಹೇಳುತ್ತೇನೆ. ಉಕ್ಕಿನ ಕುಲುಮೆಯಲ್ಲಿ ಸುಟ್ಟ ಸುಣ್ಣ ರಂಜಕ, ಗಂಧಕ, ಸಿಲಿಕಾ ಹಿಡಿದು ಕಿಟ್ಟವಾಗಿ ಮೇಲೆ ತೇಲಿಸುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿನ ಕೊಳೆ ಕೂರಿಸುವುದು ಸುಣ್ಣದ ಹಾಲು. ಚರ್ಮ ಹದ ಮಾಡುವಾಗ ಕೂದಲು ಬಿಡಿಸಲು ಸೋಡಿಯಂ ಸಲ್ಫೈಡ್ ಜೊತೆ ಸುಣ್ಣ. ಬ್ಲೀಚಿಂಗ್ ಪೌಡರ್ ಮಾಡುವುದೇ ಅರಳಿದ ಸುಣ್ಣಕ್ಕೆ ಕ್ಲೋರಿನ್ ಹಾಯಿಸಿ, ಅದಕ್ಕೆ ಚಾರ್ಲ್ಸ್ ಟೆನೆಂಟ್ ಪೇಟೆಂಟ್ ಪಡೆದದ್ದು 1799ರಲ್ಲಿ. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳ ಹೊಗೆಯಿಂದ ಸಲ್ಫರ್ ಡೈಆಕ್ಸೈಡ್ ತೆಗೆಯಲು ಸುಣ್ಣ ಅಥವಾ ಸುಣ್ಣದ ಕಲ್ಲಿನ ಹಾಲು ಸಿಂಪಡಿಸುತ್ತಾರೆ, ಬರುವ ಜಿಪ್ಸಂ ಸಿಮೆಂಟಿಗೂ ಗೋಡೆಯ ಬೋರ್ಡಿಗೂ ಹೋಗುತ್ತದೆ. ರಸ್ತೆ ಹಾಕುವಾಗ ನೀರು ಕುಡಿದು ಉಬ್ಬುವ ಜೇಡಿಮಣ್ಣಿಗೆ ಸುಣ್ಣ ಬೆರೆಸಿದರೆ ಉಬ್ಬುವುದು ನಿಲ್ಲುತ್ತದೆ, ದಿನ ಕಳೆದಂತೆ ಮಣ್ಣು ಗಟ್ಟಿಯಾಗುತ್ತದೆ.

ಎಲ್ಲಕ್ಕಿಂತ ಚೆಂದದ್ದು ಕಾಗದದ ಕಾರ್ಖಾನೆಯಲ್ಲಿದೆ. ಮರವನ್ನು ಬೇಯಿಸಲು ಅವರಿಗೆ ಕಾಸ್ಟಿಕ್ ಸೋಡಾ ಬೇಕು. ಬೇಯಿಸಿದ ಮೇಲೆ ಉಳಿದ ಕಪ್ಪು ದ್ರವವನ್ನು ಸುಟ್ಟರೆ ಸೋಡಿಯಂ ಕಾರ್ಬೊನೇಟ್ ಸಿಗುತ್ತದೆ. ಅದಕ್ಕೆ ಸುಣ್ಣ ಹಾಕಿದರೆ ಮತ್ತೆ ಕಾಸ್ಟಿಕ್ ಆಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಗಸಿಯಾಗಿ ಕೂರುತ್ತದೆ. ಆ ಗಸಿಯನ್ನು ಗೂಡಿಗೆ ಹಾಕಿ ಸುಟ್ಟರೆ ಮತ್ತೆ ಸುಣ್ಣ. ಹೀಗೆ ಅದೇ ಸುಣ್ಣ ಸುತ್ತುತ್ತಲೇ ಇರುತ್ತದೆ, ಹೊರಗಿನಿಂದ ಹೊಸದು ಬೇಕಾಗುವುದು ಸೋರಿಹೋದಷ್ಟಕ್ಕೆ ಮಾತ್ರ.

ಚರಂಡಿ ನೀರಿನ ಕೆಸರಿಗೂ ಸುಣ್ಣ ಹಾಕುತ್ತಾರೆ, ರೋಗಾಣು ಸಾಯಲಿ, ವಾಸನೆ ನಿಲ್ಲಲಿ ಎಂದು. ಅಮೆರಿಕದ 1993ರ ನಿಯಮದಲ್ಲಿ ಒಂದು ವಿಧಾನ ಹೀಗಿದೆ: ಪಿಎಚ್ 12ರಲ್ಲಿ 2 ಗಂಟೆ ಇರಬೇಕು, ಆಮೇಲೆ ಮತ್ತೆ ಸುಣ್ಣ ಹಾಕದೆ ಇನ್ನೂ 22 ಗಂಟೆ 11.5ರಲ್ಲಿ ನಿಲ್ಲಬೇಕು. ಇಲ್ಲೂ ಕಾಯುವುದೇ ಮುಖ್ಯ.

ಪ್ರಶ್ನೆ: ನಮ್ಮ ಹುಡುಗರು ಸುಣ್ಣದ ಚೀಲ ಬರಿಗಣ್ಣಿನಲ್ಲೇ ಸುರಿಯುತ್ತಾರೆ. ಸುಣ್ಣ ತಾನೇ, ಏನಾಗುತ್ತೆ ಅಂತಾರೆ. ಏನು ಹೇಳಲಿ?

ಕಣ್ಣು ಹೋಗುತ್ತದೆ ಎಂದು ಹೇಳಿ. ಹೆದರಿಸಲು ಹೇಳುತ್ತಿಲ್ಲ. ಕ್ಷಾರ ಕಣ್ಣಿನೊಳಗೆ ಆಳಕ್ಕೆ ಇಳಿಯುತ್ತದೆ. ಸುಣ್ಣದ ಕಣ ರೆಪ್ಪೆಯ ಕೆಳಗೆ ಸಿಕ್ಕಿಕೊಂಡು ಅಲ್ಲೇ ನಿಧಾನವಾಗಿ ಕರಗುತ್ತಾ ಸುಡುತ್ತಲೇ ಇರುತ್ತದೆ, ಒಮ್ಮೆ ನೀರು ಚಿಮುಕಿಸಿದರೆ ಹೋಗುವುದಿಲ್ಲ. ರೆಪ್ಪೆ ಎತ್ತಿ ಹಿಡಿದು, ಸಾದಾ ನೀರು ಕನಿಷ್ಠ 20 ನಿಮಿಷ ಬಿಡುತ್ತಲೇ ಇರಬೇಕು. ತೊಳೆಯುವುದನ್ನು ಮೊದಲು ಶುರು ಮಾಡಿ, ಗಾಡಿಗೆ ಆಮೇಲೆ ಫೋನ್ ಮಾಡಿ, ನೇರ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ವಿನೆಗರ್, ನಿಂಬೆ ಎಂದು ಯಾವ ಹುಳಿಯನ್ನೂ ಹಾಕಬೇಡಿ.

ಮೈಮೇಲೆ ಒಣ ಪುಡಿ ಬಿದ್ದರೆ ಮೊದಲು ಒಣಗಿದ್ದಾಗಲೇ ಕೊಡವಿ, ಆಮೇಲೆ ಧಾರಾಳವಾಗಿ ನೀರು. ಬೆವರಿದ ಚರ್ಮದ ಮೇಲೆ, ಶೂ ಒಳಗೆ, ಗ್ಲೌಸ್ ಒಳಗೆ ಸುಣ್ಣ ಗಂಟೆಗಟ್ಟಲೆ ಕೂತರೆ ನೋವು ಗೊತ್ತಾಗುವ ಮೊದಲೇ ಸುಟ್ಟಿರುತ್ತದೆ. ಸುತ್ತಲೂ ಮುಚ್ಚುವ ಗಾಗಲ್ ಬೇಕು, ಮಾಮೂಲಿ ಕನ್ನಡಕ ಸಾಲದು. ಧೂಳಿಗೆ ಮಾಸ್ಕ್ ಬೇಕು. ಚೀಲ ಸುರಿಯುವ ಜಾಗದ ಪಕ್ಕದಲ್ಲೇ ಕಣ್ಣು ತೊಳೆಯುವ ನಲ್ಲಿ ಇರಬೇಕು, ಕಟ್ಟಡದ ಆಚೆ ತುದಿಯಲ್ಲಿದ್ದರೆ ಏನು ಬಂತು?

ಸುಟ್ಟ ಸುಣ್ಣ ಇದ್ದರೆ ಅದನ್ನು ನೀರು ತಾಗದ ಕಡೆ ಇಡಿ. ಚೀಲ ಒದ್ದೆಯಾದರೆ ಹುಟ್ಟುವ ಬಿಸಿಗೆ ಕಾಗದ, ಮರ ಹೊತ್ತಿಕೊಳ್ಳಬಹುದು, ಮುಚ್ಚಿದ ಡಬ್ಬ ಒಡೆಯಬಹುದು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಸುಣ್ಣ ಕಲಸಬೇಡಿ, ಹೈಡ್ರೋಜನ್ ಬರುತ್ತದೆ. ಅಮೋನಿಯಂ ಲವಣ ಇರುವ ನೀರಿಗೆ ಹಾಕಿದರೆ ಅಮೋನಿಯಾ ಮೂಗಿಗೆ ಹೊಡೆಯುತ್ತದೆ, ಅಂಥ ಕಡೆ ಟ್ಯಾಂಕ್ ಮುಚ್ಚಿ ಗಾಳಿ ಹೊರಗೆಳೆಯುವ ವ್ಯವಸ್ಥೆ ಇರಲಿ.

ಪ್ರಶ್ನೆ: ಹಳೆಯ ಸ್ಟಾಕ್ ಚೀಲಗಳು ಉಳಿದಿವೆ. ಬಳಸಬಹುದಾ? ಹೊಸದಾಗಿ ತರಿಸುವಾಗ ಗುಣಮಟ್ಟ ಹೇಗೆ ನೋಡುವುದು?

ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಿನ ಪುಡಿಯಾಗುತ್ತಾ ಹೋಗುತ್ತದೆ. ನೋಡಲು ಏನೂ ಬದಲಾಗಿರುವುದಿಲ್ಲ. ಒಂದು ಚಮಚ ಪುಡಿಯನ್ನು ನೀರಿನಲ್ಲಿ ಕಲಸಿ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಹನಿ ಹನಿಯಾಗಿ ಬಿಡಿ. ಆಸಿಡ್ ಸಾಕಷ್ಟು ಬಿದ್ದ ಮೇಲೆ ಭರ್ರನೆ ನೊರೆ ಬಂದರೆ ಕಾರ್ಬೊನೇಟ್ ಜಾಸ್ತಿ ಇದೆ. ಒಳ್ಳೆಯ ಸುಣ್ಣ ಹೆಚ್ಚು ಸದ್ದಿಲ್ಲದೆ ಕರಗುತ್ತದೆ. ಕೊನೆಗೆ ತಳದಲ್ಲಿ ಮರಳು ಉಳಿದರೆ ಅದೂ ನಿಮಗೆ ಗೊತ್ತಾಗುತ್ತದೆ. ಸರಿಯಾದ ಅಂಕಿ ಬೇಕಾದರೆ ಲ್ಯಾಬಿನಲ್ಲಿ ಸಕ್ಕರೆ ದ್ರಾವಣದ ಪರೀಕ್ಷೆ ಮಾಡಿಸಿ. ಸಕ್ಕರೆ ನೀರು ಕ್ರಿಯಾಶೀಲ ಸುಣ್ಣವನ್ನು ಮಾತ್ರ ಕರಗಿಸಿಕೊಳ್ಳುತ್ತದೆ, ಕಾರ್ಬೊನೇಟನ್ನು ಮುಟ್ಟುವುದಿಲ್ಲ. ಅದನ್ನು ಆಸಿಡ್‌ನಿಂದ ಅಳೆದರೆ ಕೆಲಸಕ್ಕೆ ಬರುವ ಸುಣ್ಣ ಎಷ್ಟೆಂದು ತಿಳಿಯುತ್ತದೆ. ಹಳೆಯ ಚೀಲ ಪೂರ್ತಿ ಕೆಟ್ಟಿರದಿದ್ದರೆ ಡೋಸ್ ಹೆಚ್ಚಿಸಿಕೊಂಡು ಆಸಿಡ್ ತಣಿಸುವ ಮೊದಲ ಟ್ಯಾಂಕಿಗೆ ಬಳಸಿ ಮುಗಿಸಿ.

ಹೊಸದು ತರಿಸುವಾಗ ಸರ್ಟಿಫಿಕೇಟಿನಲ್ಲಿ ಶೇಕಡಾ ಯಾವುದರ ಲೆಕ್ಕದಲ್ಲಿದೆ ನೋಡಿ. ಒಬ್ಬರು 90 ಎಂದು ಬರೆದಿರುತ್ತಾರೆ, ಇನ್ನೊಬ್ಬರು 70 ಎಂದು. ಮೊದಲನೆಯದು ಹೈಡ್ರಾಕ್ಸೈಡ್ ಲೆಕ್ಕ, ಎರಡನೆಯದು ಆಕ್ಸೈಡ್ ಲೆಕ್ಕ ಆಗಿರಬಹುದು. ಪೂರ್ತಿ ಶುದ್ಧ ಅರಳಿದ ಸುಣ್ಣದಲ್ಲೂ ಆಕ್ಸೈಡ್ ಲೆಕ್ಕ 75.7 ದಾಟುವುದಿಲ್ಲ. ಹಾಗಾಗಿ 90ರ ಹೈಡ್ರಾಕ್ಸೈಡ್ ಎಂದರೆ ಆಕ್ಸೈಡ್‌ನಲ್ಲಿ 68, ಆ 70ರ ಚೀಲವೇ ಉತ್ತಮ. ಇದರ ಜೊತೆಗೆ ಜರಡಿಯಲ್ಲಿ ಎಷ್ಟು ಉಳಿಯುತ್ತದೆ ಎಂಬ ಅಂಕಿಯನ್ನೂ ಕೇಳಿ ಪಡೆಯಿರಿ. ಪುಡಿ ನುಣ್ಣಗಿದ್ದಷ್ಟೂ ಬೇಗ ಕರಗುತ್ತದೆ, ನಿಮ್ಮ ಟ್ಯಾಂಕಿನಲ್ಲಿ ಕಾಯುವ ನಿಮಿಷ ಕಡಿಮೆಯಾಗುತ್ತದೆ.